ಥಾಯ್ಲೆಂಡಿನಲ್ಲಿ ಉಂಗುರ ಹುಡುಕಿದ್ದು

ತಿಪಟೂರು: ಹೊರಡುವ ಮುಂಚೆ

ಬ್ಯಾಂಕಾಕಿಗೆ ಹೋಗುತ್ತೇವೆ ಎಂದರೆ ನಮ್ಮ ಕಡೆಯ ಜನ ಒಂದು ತರಹ ನಗುತ್ತಾರೆ. ಗಂಡಸರು ಮಾತ್ರ ಹೊರಟರೆ ಆ ನಗು ಒಂದು ಬಗೆ, ಹೆಂಡತಿಯರನ್ನೂ ಕರೆದುಕೊಂಡು ಹೊರಟರೆ ಇನ್ನೊಂದು ಬಗೆ. "ಮೂರ್ತಣ್ಣ, ಮದ್ವೆ ಊಟಕ್ಕೆ ಹೊಂಟೋನು ಬುತ್ತಿ ಕಟ್ಕಂಡು ಹೋಯ್ತಾನೇನಪ್ಪ?" ಎಂದು ನಮ್ಮ ಯಜಮಾನರನ್ನು ಕೇಳಿದವರು ಕಿಬ್ಬನಹಳ್ಳಿಯ ಕೊಬ್ಬರಿ ವ್ಯಾಪಾರಿ ಚಂದ್ರಣ್ಣ. ಬುತ್ತಿ ಎಂದರೆ ನಾನು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಅವರ ಲೋಟಕ್ಕೆ ಸಕ್ಕರೆ ಹಾಕದೆ ಕೊಟ್ಟೆ.

ಅಸಲಿಗೆ ಅದು ತೆಂಗು ಬೆಳೆಗಾರರ ಪ್ರವಾಸ. ಥಾಯ್ಲೆಂಡಿನವರು ತೆಂಗನ್ನು ಹೇಗೆ ಬೆಳೆಯುತ್ತಾರೆ ನೋಡಿ ಬರೋಣ ಎಂದು ತಿಪಟೂರು, ತುರುವೇಕೆರೆ ಕಡೆಯ ಒಂದು ಬಸ್ಸು ತುಂಬುವಷ್ಟು ರೈತರು ಸೇರಿಕೊಂಡಿದ್ದರು. ಕಳೆದ ನವೆಂಬರಿನಲ್ಲಿ ಹೊರಟೆವು. ನಮ್ಮ ಯಜಮಾನರು ಗುಂಪಿನ ಹಿರಿಯರು. ನಾನು ಹೊರಡಲು ಒಂದೇ ಷರತ್ತು ಹಾಕಿದ್ದೆ: ಹಗಲೆಲ್ಲ ನಿಮ್ಮ ತೆಂಗು, ಒಂದು ಸಂಜೆ ಮಾತ್ರ ನನ್ನದು.

ಆ ಸಂಜೆಗೆ ಏನು ಬೇಕು ಎಂಬುದು ನನಗೆ ಗೊತ್ತಿತ್ತು. ನಾನು ದಬ್ಬೇಘಟ್ಟದ ಕಡೆಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ವರ್ಷಕ್ಕೊಂದು ಸಲ ಸೌರವ್ಯೂಹದ ಪಾಠ ಬರುತ್ತಿತ್ತು. ಕೈಬಳೆ ತೆಗೆದು ಬೋರ್ಡಿನ ಮೇಲಿಟ್ಟು ಸುತ್ತ ಸೀಮೆಸುಣ್ಣ ಎಳೆದರೆ ಶನಿಗ್ರಹ ಸಿದ್ಧ. ಅದರ ಸೊಂಟಕ್ಕೆ ಓರೆಯಾಗಿ ಉಂಗುರ ಬರೆದರೆ ಹಿಂದಿನ ಬೆಂಚಿನವರೂ ಕತ್ತೆತ್ತಿ ನೋಡುತ್ತಿದ್ದರು. ಅಷ್ಟು ವರ್ಷ ಬರೆದೆ. ಒಂದು ಸಲವೂ ಕಣ್ಣಾರೆ ಕಂಡವಳಲ್ಲ. ದುರ್ಬೀನು ನಮ್ಮ ಶಾಲೆಗೆ ಬರಲಿಲ್ಲ, ಇನ್ನು ತೆಂಗಿನ ತೋಟದೊಳಗೆ ನಿಂತು ಕತ್ತೆತ್ತಿದರೆ ಕಾಣುವುದು ಗರಿ, ಮೇಲೆ ಇನ್ನಷ್ಟು ಗರಿ.

ಬ್ಯಾಂಕಾಕಿನ ಹೊರಗೆ, ನಾವು ನೋಡಬೇಕಾದ ತೋಟಗಳಿಂದ ಸ್ವಲ್ಪ ದೂರದಲ್ಲಿ, ಸಾರ್ವಜನಿಕರಿಗಾಗಿಯೇ ಕಟ್ಟಿದ ವೀಕ್ಷಣಾಲಯವಿದೆ, ಶನಿವಾರ ಸಂಜೆ ಯಾರು ಬೇಕಾದರೂ ಹೋಗಿ ನೋಡಬಹುದು ಎಂದು ತಿಳಿದುಕೊಂಡಿದ್ದೆ. ಒಂದೇ ತೊಡಕು. ಆ ಸಂಜೆ ಎಲ್ಲರೂ ಬಟ್ಟೆಬರೆ ಕೊಳ್ಳಲು ಪೇಟೆಗೆ ಹೋಗುವುದಿತ್ತು, ಇದ್ದದ್ದು ಒಂದೇ ಬಸ್ಸು. ಹಾಗಾಗಿ ಅಷ್ಟೂ ಜನರನ್ನು ಒಪ್ಪಿಸಬೇಕಾಯಿತು.

"ಶನಿ ನೋಡಕ್ಕೆ ಫಾರಿನ್ನಿಗೆ ಹೋಗ್ಬೇಕಾ ಮಿಸ್ಸೇ?" ಎಂದರು ಚಂದ್ರಣ್ಣ. "ನಮ್ಮನೇಗೆ ಅವ್ನೇ ಬಂದು ಏಳೂವರೆ ವರ್ಷ ಉಂಡು ಹೋದ."

"ಅವನ ಉಂಗುರ ನೋಡಿದ್ದೀರಾ?" ಎಂದೆ ನಾನು. "ಕಣ್ಣಾರೆ ತೋರಿಸ್ತೀನಿ. ತೋರಿಸದಿದ್ರೆ ಕೇಳಿ."

ಈ ಕೊನೆಯ ಮಾತು ಆಡಬಾರದಿತ್ತು. ಆದರೆ ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಗುಂಪಿನಲ್ಲಿ ಲೋಕೇಶನೂ ಇದ್ದ. ದಬ್ಬೇಘಟ್ಟದವನು, ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆಯಲ್ಲಿ ಅರ್ಧ ನರೆ, ಏಳನೇ ತರಗತಿಯ ಮಗಳ ತಂದೆ. "ನಮ್ ಮಿಸ್ ಹೇಳವ್ರೆ ಅಂದ್ಮೇಲೆ ಇರ್ತದೆ ಬುಡ್ರಣ್ಣ" ಎಂದು ಅವನು ಹೇಳಿದ ಮೇಲೆ ಉಳಿದವರೂ ಹೂಂ ಅಂದರು.

ತೋಟದೊಳಗಿನ ನೀರು

ಅಲ್ಲಿನ ತೆಂಗಿನ ತೋಟ ನೋಡಿ ನಮ್ಮವರ ಹೊಟ್ಟೆ ಉರಿದುಹೋಯಿತು. ಎರಡು ಸಾಲು ಮರಗಳ ನಡುವೆ ಒಂದೊಂದು ಕಾಲುವೆ, ಅದರ ತುಂಬ ನೀರು. ತೋಟದ ಯಜಮಾನಿ ಪುಟ್ಟ ದೋಣಿಯಲ್ಲಿ ಕೂತು ತೋಟ ಸುತ್ತುತ್ತಾಳೆ. ಕಿತ್ತ ಕಾಯನ್ನು ನೀರಿಗೆ ಎಸೆದರೆ ಆಯಿತು, ಅದು ತೇಲಿಕೊಂಡು ಬರುತ್ತದೆ. ಬೋರ್‌ವೆಲ್ಲು ಕೊರೆಸಿ ಕೊರೆಸಿ ಸುಸ್ತಾದವರು ದಡದಲ್ಲಿ ಕೂತು ಸುಮ್ಮನೆ ನೀರನ್ನೇ ನೋಡಿದರು. ಒಬ್ಬರಂತೂ ಬಗ್ಗಿ ಕೈಯಲ್ಲಿ ಮೊಗೆದು ಮುಖಕ್ಕೆ ಹಚ್ಚಿಕೊಂಡರು.

ಮರಗಳು ಮಾತ್ರ ಕುಳ್ಳು. ನಿಂತಲ್ಲೇ ಕೈಚಾಚಿ ಕಾಯಿ ಕೀಳಬಹುದು. "ಇದು ಮರ ಏನೇ? ಬದನೆ ಗಿಡ ಇದ್ದಂಗೈತೆ" ಎಂದರು ನಮ್ಮ ಯಜಮಾನರು, ಸೋತವರ ದನಿಯಲ್ಲಿ. ಕಾಯಿ ಎಳಸಾಗಿರುವಾಗಲೇ ಕೀಳುತ್ತಾರೆ. ನಮ್ಮಲ್ಲಿ ಎಳನೀರು ಇಳಿಸುವುದು ನೆಂಟರು ಬಂದಾಗ ಇಲ್ಲವೇ ಜ್ವರ ಬಂದಾಗ. ಉಳಿದ ಕಾಯಿ ಬಲಿತು, ಅಟ್ಟ ಹತ್ತಿ, ಹೆಚ್ಚುಕಡಿಮೆ ವರ್ಷ ಕೂತು, ಒಳಗಿನ ನೀರು ತಾನೇ ಹಿಂಗಿ ಕೊಬ್ಬರಿಯಾಗಬೇಕು. ಈ ಮಾತನ್ನು, ಹಗಲಿನ ತೋಟಗಳಿಗೆಂದು ಗೊತ್ತುಮಾಡಿದ್ದ ದುಭಾಷಿ ತೋಟದ ಯಜಮಾನಿಗೆ ಹೇಳಿದ. ಆಕೆ ಕಣ್ಣರಳಿಸಿ ಏನೋ ಕೇಳಿದಳು. "ಒಂದು ಕಾಯಿಗಾಗಿ ಒಂದು ವರ್ಷ ಕಾಯುತ್ತೀರಾ ಅಂತ ಕೇಳ್ತಿದ್ದಾಳೆ" ಎಂದ ದುಭಾಷಿ. ನಮ್ಮ ಗಂಡಸರೆಲ್ಲ ಒಟ್ಟಿಗೆ ತಲೆಯಾಡಿಸಿದರು. ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ನನ್ನದೂ ಆಗಿತ್ತು.

ಇಲ್ಲೇ ನಮ್ಮ ಯಜಮಾನರ ಒಂದು ಚಾಳಿ ಹೇಳಿಬಿಡಬೇಕು. ತೆಂಗಿನವರು ಕಾಯನ್ನು ನೋಡಿ ನಂಬುವುದಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ, ಸದ್ದು ಒಪ್ಪಿಗೆಯಾದರೆ ಕಾಯಿ ಒಪ್ಪಿಗೆ. ನಮ್ಮವರದು ಕಾಯಿಗೆ ನಿಲ್ಲದೆ ಕಂಡದ್ದಕ್ಕೆಲ್ಲ ಹಬ್ಬಿದೆ. ಸೂಟ್‌ಕೇಸು ತಟ್ಟಿ ಕೊಂಡರು. ಹೋಟೆಲಿನ ಗೋಡೆ ತಟ್ಟಿ "ಟೊಳ್ಳು" ಎಂದರು. ವಿಮಾನದಲ್ಲಿ ಕಿಟಕಿಯ ಪಕ್ಕ ತಟ್ಟಲು ಹೋದಾಗ ನಾನು ಕೈ ಹಿಡಿದುಕೊಂಡೆ.

ಲೋಕೇಶ ಆ ತೋಟದಲ್ಲಿ ಒಂದು ಹುಲ್ಲಿನ ಟೋಪಿ ಕೊಂಡ. ಅಗಲವಾದ ಅಂಚು, ನಡುವೆ ಗುಂಡಗಿನ ತಲೆ. ಕತ್ತಲಾದರೂ ಅದನ್ನು ತೆಗೆಯಲಿಲ್ಲ.

ಗದ್ದೆಯ ನಡುವಿನ ಗುಮ್ಮಟ

ವೀಕ್ಷಣಾಲಯ ಗದ್ದೆ ಬಯಲಿನ ನಡುವೆ ಇತ್ತು. ಒಂದು ಬಿಳಿ ಗುಮ್ಮಟ, ಮುಂದೆ ಹುಲ್ಲಿನ ಅಂಗಳ, ಅಂಗಳದಲ್ಲಿ ಸಾಲಾಗಿ ದುರ್ಬೀನುಗಳು. ಶನಿವಾರದ ಸಂತೆಯಷ್ಟು ಜನ. ಅಜ್ಜಿಯರು ಮೊಮ್ಮಕ್ಕಳನ್ನು ಕರೆತಂದಿದ್ದರು, ಯಾವುದೋ ಶಾಲೆಯ ಮಕ್ಕಳು ಒಂದೇ ಬಣ್ಣದ ಅಂಗಿ ತೊಟ್ಟು ಬಂದಿದ್ದರು. ದೊಡ್ಡ ದೀಪ ಒಂದೂ ಇಲ್ಲ, ಅಲ್ಲಲ್ಲಿ ಮಂಕಾದ ಕೆಂಪು ದೀಪ. ಆದರೂ ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ. ನಮ್ಮ ಕಡೆ ಕತ್ತಲಲ್ಲಿ ಇಷ್ಟು ಜನ ಸೇರಿದರೆ ಕರೆಂಟು ಹೋಗಿದೆ ಎಂದರ್ಥ, ಅರ್ಧ ಜನ ಲೈನ್‌ಮನ್ನನ್ನು ಬೈಯುತ್ತಿರುತ್ತಾರೆ. ಇವರು ಕತ್ತಲನ್ನು ಬೇಕೆಂದೇ ಮಾಡಿಕೊಂಡು ಅದರಲ್ಲಿ ನಗುತ್ತ ನಿಂತಿದ್ದರು. ಅಂತಹ ಜಾಗ ನಮ್ಮ ತಾಲೂಕಿಗೊಂದು ಇದ್ದಿದ್ದರೆ ಎಂದು ನನಗೆ ಸಂಕಟವಾಯಿತು.

ಶನಿಯನ್ನು ತೋರಿಸುತ್ತಿದ್ದವಳು ಪ್ಲೋಯ್ ಎಂಬ ಹುಡುಗಿ. ನನ್ನ ಶಾಲೆಯ ಇಂಗ್ಲಿಷಿಗೂ ಅವಳ ಇಂಗ್ಲಿಷಿಗೂ ಹೊಂದಾಣಿಕೆಯಾಯಿತು. ಸಾಲು ಉದ್ದವಿತ್ತು. ನಮ್ಮ ಗುಂಪಿನಲ್ಲಿ ನಾವಿಬ್ಬರೇ ಮುಂದೆ, ಯಜಮಾನರು ಮೊದಲು, ಅವರ ಹಿಂದೆ ನಾನು. ಇಷ್ಟು ವಯಸ್ಸಾಗಿ ಪರೀಕ್ಷೆಯ ಹುಡುಗಿಯ ಹಾಗೆ ಅಂಗೈ ಬೆವರಿತು ಎಂದರೆ ನೀವು ನಗಬಹುದು.

ಯಜಮಾನರು ಬಗ್ಗಿದರು. ಕಣ್ಣಿಡುವ ಮೊದಲೇ ಅವರ ಬಲಗೈ ಮೇಲೆದ್ದಿತು. ಅಯ್ಯೋ ಎನ್ನುವಷ್ಟರಲ್ಲಿ ದುರ್ಬೀನಿನ ಬಿಳಿ ಕೊಳವೆಯ ಮೇಲೆ ಗೆಣ್ಣು ಟಕ್, ಟಕ್ ಎಂದಿತು.

"ನೋ! ನೋ ಟಚ್!" ಎಂದಳು ಪ್ಲೋಯ್. ಆಮೇಲೆ, ಬೈದದ್ದಕ್ಕೆ ಕ್ಷಮೆ ಕೇಳುವಂತೆ ಕೈಮುಗಿದಳು. ಬೈದು ಕೈಮುಗಿಯುವವರನ್ನು ನಾನು ಮೊದಲ ಸಲ ನೋಡಿದ್ದು. ದುರ್ಬೀನು ಜರುಗಿ ಶನಿ ಅದರ ಕಣ್ಣಿನಿಂದ ಆಚೆ ಹೋಗಿತ್ತು. ಅವಳು ಮತ್ತೆ ಹುಡುಕಬೇಕಾಯಿತು, ಹಿಂದಿದ್ದ ಮಕ್ಕಳೆಲ್ಲ ಕಾಯಬೇಕಾಯಿತು.

"ತಪ್ಪಾಯ್ತು ಕಣಮ್ಮ" ಎಂದರು ಯಜಮಾನರು ಅಚ್ಚ ಕನ್ನಡದಲ್ಲಿ. ಆಮೇಲೆ ಯಾರೂ ಹೇಳದೆಯೇ ಸಾಲು ಬಿಟ್ಟು ಹಿಂದಕ್ಕೆ ನಡೆದರು. ನಮ್ಮಲ್ಲಿ ನೀರಿನ ಸರದಿ ಕೆಡಿಸಿದವನು ಕೊನೆಯ ಸರದಿಗೆ ಹೋಗಬೇಕು, ಅದು ಹಿರಿಯರು ಮಾಡಿದ ಕಟ್ಟಳೆ. "ನೀನ್ ನೋಡ್ಕಂಡು ಬಾರೇ" ಎಂದರು ನನಗೆ. ಕಾದು ನಿಂತ ಆ ಮಕ್ಕಳ ಮುಂದೆ ನಾನು ಹೇಗೆ ನೋಡಲಿ? ಕೋಪದಲ್ಲಿ ಅವರ ಹಿಂದೆಯೇ ಹೋಗಿ ಕೊನೆಗೆ ನಿಂತೆ. ಬಾಯಿಗೆ ಬಂದ ತುತ್ತನ್ನು ಕಟ್ಟಿಕೊಂಡ ಗಂಡನೇ ಬೀಳಿಸಿದ್ದ.

ಸಾಲಿನ ಕೊನೆ

ಈಗ ನಮ್ಮ ಗುಂಪಿನವರು ನನಗಿಂತ ಮುಂದಾದರು. ಚಂದ್ರಣ್ಣ ನೋಡಿಕೊಂಡು ನೇರವಾಗಿ ನನ್ನ ಹತ್ತಿರ ಬಂದರು.

"ಮಿಸ್ಸೇ, ಉಂಗುರ ಎಲ್ಲಿ?"

"ಸರಿಯಾಗಿ ನೋಡಿದ್ರಾ ಚಂದ್ರಣ್ಣ?"

"ನೋಡ್ದೆ ಕಣ್ರೀ. ಒಂದು ಗುಂಡು, ಅದ್ರ ನಡುವೆ ಒಂದು ಸೂಜಿ ಚುಚ್ದಂಗೈತೆ. ಉಂಗುರನೂ ಇಲ್ಲ ಮಣ್ಣೂ ಇಲ್ಲ." ಆಮೇಲೆ ಯಜಮಾನರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಲೇ ಮೂರ್ತಣ್ಣ, ನೀನ್ ತಟ್ಟಿದ ಏಟ್ಗೆ ಉದುರೋಯ್ತು ಕಣ್ಲಾ ಉಂಗುರ! ಕಾಯ್ ಉದುರ್ದಂಗೆ!"

ನಮ್ಮವರ ನಗು ಆ ಬಯಲಿನ ತುಂಬ ಕೇಳಿಸಿತು. ಅದರ ನಡುವೆ ಯಜಮಾನರು ಮೆಲ್ಲಗೆ ನನ್ನ ಕಿವಿಯಲ್ಲಿ, "ನಿಜ್ವಾಗ್ಲೂ ಏನಾದ್ರೂ ಆಯ್ತೇನೇ?" ಎಂದು ಕೇಳಿದರು. ಒಬ್ಬೊಬ್ಬರೇ ನೋಡಿ ಬಂದು ಅದನ್ನೇ ಹೇಳಿದರು. ಬಟ್ಟೆಯಂಗಡಿ ಬಿಡಿಸಿ ಸೂಜಿ ತೋರಿಸಲು ಕರೆತಂದಿರಾ ಎಂದು ಒಬ್ಬರು ಕೇಳಿದರು.

ನಗುವವರ ಮಾತು ಹೇಗೋ ತಡೆದುಕೊಳ್ಳಬಹುದು. ಲೋಕೇಶ ನಗಲಿಲ್ಲ. ಸಾವಿನ ಸುದ್ದಿ ತಂದವನ ಹಾಗೆ ಬಂದು ಪಕ್ಕದಲ್ಲಿ ನಿಂತ.

"ಇಲ್ಲ ಕಣ್ ಮಿಸ್" ಎಂದ. "ನೀವು ಬಳೆ ಇಟ್ಟು ಬರೀತಿದ್ರಲ್ಲ, ಆ ತರ ಇಲ್ಲ. ಎರಡು ಸಲ ನೋಡ್ದೆ."

ಇಡೀ ಸರ್ವಿಸ್ಸು ಬರೆದ ಚಿತ್ರ ಅದು. ಎಷ್ಟು ಮಕ್ಕಳು ಅದನ್ನು ನೋಡಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅವರಲ್ಲೊಬ್ಬ ಇಷ್ಟು ದೂರ ಬಂದು, ಕಣ್ಣಿಟ್ಟು ನೋಡಿ, ಇಲ್ಲ ಎನ್ನುತ್ತಿದ್ದಾನೆ. ಚಂದ್ರಣ್ಣನ ಮುಂದೆ ಸೋಲುವುದು ಬೇರೆ, ಇದು ಬೇರೆ.

ನನ್ನ ಸರದಿ ಬಂತು. ಕೈ ಹಿಂದೆ ಕಟ್ಟಿಕೊಂಡು ಕಣ್ಣಿಟ್ಟೆ. ಮೊದಲು ಬರೀ ಕಪ್ಪು. ಆಮೇಲೆ ತುಪ್ಪದ ಬಣ್ಣದ ಒಂದು ಪುಟ್ಟ ಗುಂಡು ಅಲುಗದೆ ನಿಂತಿತ್ತು. ಅವರು ಹೇಳಿದ್ದು ನಿಜ. ಉಂಗುರವಿಲ್ಲ. ಗುಂಡಿನ ಎರಡೂ ಪಕ್ಕಕ್ಕೆ ಕೂದಲೆಳೆಯಂತಹ ಗೆರೆ.

ಗೆರೆ ಎಲ್ಲಿಂದ ಬಂತು? ನಾನು ಅದನ್ನೇ ನೋಡಿದೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಚುಚ್ಚಿದ ಸೂಜಿಯಾದರೆ ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆ ಸಮ ಇರುವುದು ಹೇಗೆ? ತಲೆಯೆತ್ತಿ ನನ್ನ ಕೈಬಳೆ ನೋಡಿಕೊಂಡೆ. ಬೋರ್ಡಿನ ಮೇಲೆ ನಾನು ಉಂಗುರವನ್ನು ಯಾವಾಗಲೂ ಓರೆಯಾಗಿಯೇ ಬರೆದಿದ್ದೆ, ಪುಸ್ತಕದಲ್ಲಿ ಹಾಗಿತ್ತು. ಓರೆಯಾಗಿಲ್ಲದಿದ್ದರೆ? ಬಳೆಯನ್ನು ಬಿಚ್ಚಿ ಕಣ್ಣಿನ ನೇರಕ್ಕೆ ಅಡ್ಡಲಾಗಿ ಹಿಡಿದೆ. ಬಳೆ ಮಾಯವಾಗಿ ಕೆಂಪು ದೀಪದಲ್ಲಿ ಒಂದು ಗೆರೆ ಮಿನುಗಿತು.

ಪ್ಲೋಯ್ ನನ್ನನ್ನೇ ನೋಡುತ್ತಿದ್ದಳು. ನಗುತ್ತ ತಲೆಯಾಡಿಸಿದಳು. ಉಂಗುರ ಈಗ ನಮಗೆ ಅಂಚು ತೋರಿಸಿಕೊಂಡು ನಿಂತಿದೆ, ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ, ಮುಂದಿನ ವರ್ಷಗಳಲ್ಲಿ ಮೆಲ್ಲಗೆ ಮತ್ತೆ ತೆರೆದುಕೊಳ್ಳುತ್ತದೆ ಎಂದಳು. ಎಷ್ಟು ಹೇಳಿದರೂ ಜನ ಮುನಿಸಿಕೊಂಡು ಹೋಗುತ್ತಾರೆ ಎಂದೂ ಹೇಳಿದಳು.

ನಮ್ಮವರನ್ನು ಮುನಿಸಿಕೊಂಡು ಹೋಗಲು ನಾನು ಬಿಡುತ್ತೇನೆಯೇ? "ಲೋಕೇಶ, ಟೋಪಿ ಕೊಡು" ಎಂದೆ. ಅವನು ಕೊಡುವ ಮೊದಲೇ ಕಿತ್ತುಕೊಂಡಿದ್ದೆ. "ಎಲ್ಲಾ ಬನ್ನಿ ಇಲ್ಲಿ. ಕೂತ್ಕೊಳ್ಳಿ."

ನಿವೃತ್ತಿಯಾದ ಮೇಲೆ ಆ ದನಿ ನನ್ನಿಂದ ಹೊರಟದ್ದು ಅದೇ ಮೊದಲು. ಇನ್ನೂ ಗಟ್ಟಿಯಾಗಿತ್ತು. ತೋಟ ತುಡಿಕೆ ಇರುವ ದೊಡ್ಡ ಮನುಷ್ಯರು ಸಾಲಾಗಿ ಹುಲ್ಲಿನ ಮೇಲೆ ಕೂತರು. ವಿಚಿತ್ರವೆಂದರೆ ಆ ಶಾಲೆಯ ಮಕ್ಕಳೂ ಬಂದು ಕೂತರು. ಭಾಷೆ ಬಾರದಿದ್ದರೇನು, ಟೀಚರ್ ದನಿ ಎಲ್ಲ ದೇಶದಲ್ಲೂ ಒಂದೇ ಇರಬೇಕು.

"ಇದು ಶನಿ" ಎಂದು ಟೋಪಿಯ ತಲೆ ತೋರಿಸಿದೆ. "ಕೆಳಗಿನ ಅರ್ಧ ಗುಂಡೂ ಇದೆ ಅಂದ್ಕೊಳ್ಳಿ. ಈ ಅಂಚು ಉಂಗುರ. ಕಾಣುತ್ತಾ?" ಪ್ಲೋಯ್ ತನ್ನ ಕೆಂಪು ಟಾರ್ಚು ಹಿಡಿದಳು. ಟೋಪಿಯನ್ನು ಓರೆ ಮಾಡಿದೆ. ನನ್ನ ಹಳೆಯ ಬೋರ್ಡಿನ ಶನಿ ಹಾಗೇ ಎದ್ದು ನಿಂತ. "ಈಗ ನೋಡಿ." ಮೆಲ್ಲಗೆ, ಬಹಳ ಮೆಲ್ಲಗೆ, ಅಂಚನ್ನು ಅವರ ಕಣ್ಣಿನ ಮಟ್ಟಕ್ಕೆ ತಂದೆ. ಅಗಲ ಕಿರಿದಾಯಿತು, ಇನ್ನೂ ಕಿರಿದಾಯಿತು, ಗೆರೆಯಾಯಿತು. ಮಕ್ಕಳು "ಓ" ಎಂದರು.

"ಚಂದ್ರಣ್ಣ, ಎದ್ದು ನಿಂತ್ಕೊಂಡು ಹೇಳಿ. ಟೋಪಿ ಅಂಚು ಎಲ್ಲಿ ಹೋಯ್ತು?"

ಚಂದ್ರಣ್ಣ ನಿಜವಾಗಿಯೂ ಎದ್ದು ನಿಂತರು. "ಎಲ್ಲೂ ಹೋಗಿಲ್ಲ ಮಿಸ್. ಅಲ್ಲೇ ಐತೆ."

"ಮತ್ತೆ ಕಾಣ್ತಿಲ್ವಲ್ಲ?"

"ನಾವ್ ಕೂತು ನೋಡೋ ಕಡೆಯಿಂದ ಕಾಣ್ತಿಲ್ಲ."

"ಕೂತ್ಕೊಳ್ಳಿ" ಎಂದೆ. ನನ್ನ ಒಂದೊಂದು ಮಾತಿನ ಹಿಂದೆಯೂ ಪ್ಲೋಯ್ ಥಾಯ್ ಭಾಷೆಯಲ್ಲಿ ಹೇಳುತ್ತಿದ್ದಳು. ಕನ್ನಡದ ಒಂದಕ್ಷರ ಅವಳಿಗೆ ಬಾರದು, ಆದರೂ ಎಲ್ಲಿಯೂ ತಪ್ಪಿರಲಾರಳು, ಏಕೆಂದರೆ ಮಕ್ಕಳು ಸರಿಯಾದ ಜಾಗದಲ್ಲೇ ನಗುತ್ತಿದ್ದರು. ಹೊಸಬರೂ ಬಂದು ಸೇರಿಕೊಂಡರು. ಅವಳು ಕೈಸನ್ನೆ ಮಾಡಿ ಮತ್ತೊಮ್ಮೆ ತೋರಿಸಿ ಎಂದಳು. ಮತ್ತೊಮ್ಮೆ ತೋರಿಸಿದೆ. ಪರದೇಶದ ನೆಲದ ಮೇಲೆ ನಿಂತು ಕನ್ನಡದಲ್ಲಿ ಪಾಠ ಹೇಳಿದೆ, ಅದೂ ಎರಡು ಸಲ. ಜಂಬ ಎನ್ನಿ ಬೇಕಾದರೆ. ಜಂಬವೇ.

ಆಮೇಲೆ ನಮ್ಮವರೆಲ್ಲ ಮತ್ತೆ ಸಾಲಿನಲ್ಲಿ ನಿಂತರು. ಕಂಡದ್ದು ಅದೇ ಗುಂಡು, ಅದೇ ಗೆರೆ. ಆದರೆ ಈ ಸಲ ಯಾರೂ ಸೂಜಿ ಎನ್ನಲಿಲ್ಲ. ನಮ್ಮ ಯಜಮಾನರು ತುಂಬ ಹೊತ್ತು ನೋಡಿದರು. "ಐತೆ ಕಣೇ" ಎಂದರು, "ಉದುರಿಲ್ಲ." ಅವರ ಮೇಲಿನ ಕೋಪ ಅಲ್ಲಿಗೆ ಮುಗಿಯಿತು.

ಹೊರಡುವಾಗ ಪ್ಲೋಯ್ ನಮ್ಮ ಊರು ಯಾವುದೆಂದು ಕೇಳಿ ಫೋನಿನಲ್ಲಿ ಭೂಪಟ ತೆಗೆದಳು. ತಿಪಟೂರನ್ನು ಹುಡುಕಿ, ಅಲ್ಲಿಂದ ತಾನು ನಿಂತ ಜಾಗದವರೆಗೆ ಬೆರಳೆಳೆದಳು. ಬೆರಳು ಹೆಚ್ಚುಕಡಿಮೆ ನೆಟ್ಟಗೆ ಬಂತು. ಎರಡೂ ಊರು ಒಂದೇ ಸಾಲಿನ ಮರ! ಇಲ್ಲಿ ನೆತ್ತಿಯ ಮೇಲೆ ಬಂದ ನಕ್ಷತ್ರಗಳೇ ಒಂದೂವರೆ ಗಂಟೆ ಕಳೆದು ನಿಮ್ಮ ಊರಿನ ನೆತ್ತಿಗೂ ಬರುತ್ತವೆ ಎಂದಳು. ಆ ಮಾತನ್ನು ನಾನು ಕನ್ನಡದಲ್ಲಿ ಹೇಳಿದಾಗ ಎಲ್ಲರೂ ಒಮ್ಮೆ ಪಶ್ಚಿಮದ ಕಡೆ ನೋಡಿದರು. ಪ್ಲೋಯ್ ನನಗೆ ಕೈಮುಗಿದಳು. ಈ ಸಲ ಅದು ಬೈದದ್ದಕ್ಕಲ್ಲ.

ವಾಪಸು ಬಸ್ಸಿನಲ್ಲಿ

ಬಸ್ಸು ಗದ್ದೆಗಳ ನಡುವೆ ಹೊರಟಿತು. ಹಲವರು ಆಗಲೇ ತೂಕಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಲೋಕೇಶ ಮನೆಗೆ ಫೋನು ಮಾಡಿ ಮಗಳನ್ನು ಕರೆಸಿದ. ಊರಿನಲ್ಲಿ ಆಗ ತಾನೇ ಕತ್ತಲು ಕವಿದು ಊಟದ ಹೊತ್ತಾಗುತ್ತಿತ್ತು.

"ತಾರಸಿ ಮೇಲ್ ಹತ್ತವ್ವ. ನೆತ್ತಿ ಹತ್ರ ಮಿಣಮಿಣ ಅನ್ನದೆ ನೆಟ್ಟಗೆ ಉರಿಯೋ ಚುಕ್ಕಿ ಐತಲ್ಲ, ಅದೇ ಶನಿ. ನಾನ್ ಈಗ ಉಂಗುರ ನೋಡ್ಕಂಡು ಬಂದೆ."

ಹುಡುಗಿಯ ದನಿ ನನಗೂ ಕೇಳಿಸಿತು. "ಬರೀ ಚುಕ್ಕಿ ಕಣಪ್ಪ. ಉಂಗುರ ಹೆಂಗಿತ್ತು?"

"ಗೆರೆ ತರ ಇತ್ತು."

"ಗೆರೆ ಅಂದ್ರೆ ಉಂಗುರ ಹೆಂಗಾಯ್ತದೆ? ಸುಳ್ಳು."

ನಾನು ಹಿಂದೆ ತಿರುಗಿ ಫೋನು ತೆಗೆದುಕೊಳ್ಳಬೇಕೆಂದಿದ್ದೆ. ನಮ್ಮ ಮಿಸ್ ಹೇಳಿದ್ದಾರೆ ಎಂದು ಅವನು ನನ್ನ ಹೆಸರು ಹೇಳುತ್ತಾನೆ ಎಂದುಕೊಂಡೆ. ಅವನು ಹೇಳಲಿಲ್ಲ.

"ಸುಳ್ಳಲ್ಲ. ನಾನ್ ಹೇಳ್ದೆ ಅಂತ ನಂಬ್ಬೇಡ. ಹೋಗಿ ಒಂದು ಊಟದ ತಟ್ಟೆ ತಗಂಡ್ ಬಾ" ಎಂದ. ಅವಳು ಮೆಟ್ಟಿಲಿಳಿದು ಹತ್ತಿ ಬರುವವರೆಗೆ ಕಾದ. "ತಂದಾ? ಈಗ ಅದನ್ನ ಕಣ್ಣಿನ ನೇರಕ್ಕೆ ಅಡ್ಡಡ್ಡ ಹಿಡಿ. ತಟ್ಟೆ ಒಳಗು ಕಂಡ್ರೆ ಇನ್ನೂ ಮೇಲೆ. ಮೆಲ್ಲಗೆ. ಒಂದು ಕಣ್ಣು ಮುಚ್ಕೋ. ಈಗ ಹೇಳು, ತಟ್ಟೆ ಎಲ್ಲಿ ಹೋಯ್ತು?"

ನನ್ನ ಟೋಪಿಯ ಪಾಠವನ್ನು ಅವನು ತಟ್ಟೆಯ ಪಾಠ ಮಾಡಿಕೊಂಡಿದ್ದ. ನಾನು ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ, ಅದು ನನ್ನ ಕೈ ದಾಟಿ ಮುಂದೆ ಹೋಗುವುದನ್ನು ಕಿವಿಯಾರೆ ಕೇಳಿದ್ದು ಆ ಬಸ್ಸಿನಲ್ಲೇ ಮೊದಲು. ಕಣ್ಣು ತುಂಬಿ ಬಂತು. ಯಜಮಾನರು ನೋಡದಿರಲಿ ಎಂದು ಕಿಟಕಿಯ ಕಡೆ ತಿರುಗಿಕೊಂಡೆ.

ಆಮೇಲೆ ದಬ್ಬೇಘಟ್ಟದ ಆ ತಾರಸಿಯಿಂದ ಹುಡುಗಿ ಕೂಗಿದಳು:

"ಅಪ್ಪಾ, ಗೆರೆ!"